ಲೋಕಾರ್ಪಣೆ ಆಯಿತು, ಓದಿದವರು ಯಾರು?

ಕನ್ನಡದಲ್ಲಿ ‘ಕೊಡು’ ಎಂಬ ಕ್ರಿಯಾಪದಕ್ಕೆ ಮೂರು ಬೇಕು: ಕೊಡುವವರು, ಕೊಡುವ ವಸ್ತು, ಪಡೆಯುವವರು. ಮೂರನೆಯದಕ್ಕೆ ಚತುರ್ಥಿ ವಿಭಕ್ತಿ ಹತ್ತುತ್ತದೆ. ಅವಳಿಗೆ, ಅಣ್ಣನಿಗೆ, ಊರಿಗೆ. ಧಾರವಾಡದಲ್ಲಿ ಭಾಷಾವಿಜ್ಞಾನದ ಎಂ.ಎ. ಓದುವಾಗ ಇದನ್ನು ಪರೀಕ್ಷೆಗೆಂದು ಉರು ಹೊಡೆದಿದ್ದೆ. ನಿಜಕ್ಕೂ ಅರ್ಥವಾದದ್ದು ಹತ್ತು ವರ್ಷ ಕಳೆದ ಮೇಲೆ, ನನ್ನದೇ ಪುಸ್ತಕದ ಬಿಡುಗಡೆಯ ಬ್ಯಾನರ್ ಕೆಳಗೆ ಕೂತಾಗ. ಬ್ಯಾನರ್ ಮೇಲೆ ‘ಕೃತಿ ಲೋಕಾರ್ಪಣೆ’ ಎಂದಿತ್ತು. ಅರ್ಪಣೆ ಸರಿ, ಯಾರಿಗೆ? ಲೋಕಕ್ಕೆ. ಲೋಕಕ್ಕೆ ಮನೆ ನಂಬರ್ ಇಲ್ಲ, ಪಿನ್‌ಕೋಡ್ ಇಲ್ಲ, ಫೋನ್ ಮಾಡಿದರೆ ಎತ್ತುವವರಿಲ್ಲ. ಅಂಥ ವಿಳಾಸಕ್ಕೆ ಕಳಿಸಿದ ಪುಸ್ತಕ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು.

ನಮ್ಮ ಹೊಸ ಲೇಖಕರು ಓದುಗರನ್ನು ಹುಡುಕುತ್ತಿಲ್ಲ, ಪ್ರಚಾರವನ್ನು ಹುಡುಕುತ್ತಿದ್ದೇವೆ. ಇವೆರಡೂ ಒಂದೇ ಅಲ್ಲ. ಹಲವು ಸಲ ಒಂದು ಇನ್ನೊಂದರ ದಾರಿಗೆ ಅಡ್ಡ ನಿಲ್ಲುತ್ತದೆ. ‘ಹುಡುಕುತ್ತಿದ್ದೇವೆ’ ಎಂದೇ ಬರೆದೆ, ಏಕೆಂದರೆ ಮೊದಲ ಆರೋಪಿ ನಾನೇ. ಮೊದಲು ನನ್ನ ಲೆಕ್ಕ ಒಪ್ಪಿಸುತ್ತೇನೆ.

ನಾನಿರುವುದು ಅಹಮದಾಬಾದಿನ ಆಗ್ನೇಯ ಅಂಚಿನ ವಟ್ವಾದಲ್ಲಿ. ಒಂದು ಕಡೆ ಕುತುಬ್-ಎ-ಆಲಂ ಅವರ ಹಳೆಯ ರೋಜಾ, ಇನ್ನೊಂದು ಕಡೆ ರೈಲ್ವೆಯ ಡೀಸೆಲ್ ಲೋಕೋ ಶೆಡ್, ಸುತ್ತ ಜಿಐಡಿಸಿಯ ಬಣ್ಣ ಮತ್ತು ರಾಸಾಯನಿಕಗಳ ಕಾರ್ಖಾನೆಗಳು. ಮನೆಯವರ ನೌಕರಿ ಅಲ್ಲೇ. ನನ್ನದು ಮನೆಯಲ್ಲಿ ಕೂತು ಮಾಡುವ ಅನುವಾದ: ಔಷಧಿ ಡಬ್ಬಿಯ ಒಳಗಿನ ಚೀಟಿ, ಆ್ಯಪ್‌ಗಳ ಬಟನ್ನುಗಳು, ಸುರಕ್ಷತಾ ಸೂಚನೆಗಳು. ಉಳಿದ ಹೊತ್ತಿನಲ್ಲಿ ನಾಲ್ಕು ವರ್ಷ ಕೂತು, ಈ ಊರಿನ ಬಟ್ಟೆ ಮಿಲ್ಲುಗಳ ಸುತ್ತಲಿನ ಗುಜರಾತಿ ಕಥೆಗಳನ್ನು ಕನ್ನಡಕ್ಕೆ ತಂದೆ. ಬೆಂಗಳೂರಿನ ಒಬ್ಬ ಪ್ರಕಾಶಕರು 500 ಪ್ರತಿ ಹಾಕಿಸಿದರು. ಅದರಲ್ಲಿ ನಾನೇ ಇಷ್ಟು ಪ್ರತಿ ಕೊಳ್ಳಬೇಕೆಂಬ ಮಾತು ಮೊದಲೇ ಆಗಿತ್ತು. ಈ ಮಾತು ಎಷ್ಟು ಮಾಮೂಲಿಯಾಗಿದೆ ಎಂದರೆ ಯಾರೂ ಇದನ್ನು ಮಾತು ಎಂದೇ ಎಣಿಸುವುದಿಲ್ಲ.

ಬಿಡುಗಡೆಯ ದಿನ ಮಾರಾಟವಾದದ್ದು 38 ಪ್ರತಿ. ಆಮೇಲೆ ನಾನು ‘ಗೌರವ ಪ್ರತಿ’ ಎಂದು ಸಹಿ ಹಾಕಿ ಹಂಚಿದ್ದು 126. ಅಂಗಡಿಗಳ ಮೂಲಕ ಒಂದು ವರ್ಷದಲ್ಲಿ ಹೋದದ್ದು 61. ಉಳಿದದ್ದು 275. ಪುಕ್ಕಟೆ ಪಡೆದ 126 ಮಂದಿಯಲ್ಲಿ ಬಹುಪಾಲು ಜನ ಮುಖಪುಟದ ಫೋಟೊ ತೆಗೆದು, ‘ಕೈ ಸೇರಿತು, ಖುಷಿಯಾಯಿತು, ಓದಿ ಹೇಳುವೆ’ ಎಂದು ಫೇಸ್‌ಬುಕ್ಕಿಗೆ ಹಾಕಿದರು. ಓದಿ ಹೇಳಿದವರು ಒಂಬತ್ತು ಜನ. ಆ ಒಂಬತ್ತರಲ್ಲಿ ಇಬ್ಬರು ಮುನ್ನುಡಿಯನ್ನಷ್ಟೇ ಓದಿದ್ದಾರೆಂಬುದು ಅವರ ಮಾತಿನಲ್ಲೇ ಗೊತ್ತಾಗುತ್ತಿತ್ತು.

ಸಮಾರಂಭಕ್ಕೆ, ಅಂದರೆ ಸಭಾಂಗಣ, ಬ್ಯಾನರ್, ಉಪ್ಪಿಟ್ಟು-ಕಾಫಿ, ಐದು ಶಾಲು, ಐದು ಹಣ್ಣಿನ ಬುಟ್ಟಿ, ಅತಿಥಿಗಳ ಕಾರು, ಎಲ್ಲ ಸೇರಿ, ನನ್ನ ಜೇಬಿನಿಂದ ಹೋದದ್ದು 23,000 ರೂಪಾಯಿ. ಒಂದು ಪ್ರತಿಗೆ ಅಂಚೆ ವೆಚ್ಚ 40 ರೂಪಾಯಿ ಎಂದು ಹಿಡಿದರೂ ಆ ದುಡ್ಡಿನಲ್ಲಿ ಅಷ್ಟೂ 500 ಪ್ರತಿಗಳನ್ನು ದೇಶದ ಯಾವ ಮೂಲೆಗಾದರೂ ಕಳಿಸಿ ಇನ್ನೂ 3,000 ಉಳಿಸಬಹುದಿತ್ತು. ಆದರೆ ಕಳಿಸುವುದು ಯಾರಿಗೆ? ನನ್ನ ಬಳಿ ಹೆಸರುಗಳೇ ಇರಲಿಲ್ಲ. ಸಮಾರಂಭಕ್ಕೆ ಬಂದವರಲ್ಲಿ ಹೆಚ್ಚಿನವರು ಬೇರೆ ಲೇಖಕರು. ಅವರ ಚೀಲದಲ್ಲಿ ಅವರ ಪುಸ್ತಕವಿತ್ತು, ನನಗೆ ಕೊಡಲೆಂದು. ಇದು ಮದುವೆಮನೆಯ ಮುಯ್ಯಿ. ನೀವು ನನ್ನ ಬಿಡುಗಡೆಗೆ ಬನ್ನಿ, ನಾನು ನಿಮ್ಮದಕ್ಕೆ ಬರುತ್ತೇನೆ. ನೀವು ನನ್ನ ಮೇಲೆ ನಾಲ್ಕು ಸಾಲು ಬರೆಯಿರಿ, ನಾನು ಐದು ಬರೆಯುತ್ತೇನೆ. ಮುಯ್ಯಿ ಕೆಟ್ಟದ್ದಲ್ಲ. ಆದರೆ ಮುಯ್ಯಿಗೆ ಬಂದವರನ್ನು ಓದುಗರೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಆ 275 ಪ್ರತಿಗಳಿಗೆ ಏನಾಗುತ್ತದೆ ಎಂದು ಕೇಳಿದಾಗ ಬಂದ ಉತ್ತರ: ಗ್ರಂಥಾಲಯ. ಕರ್ನಾಟಕದಲ್ಲಿ ಪುಸ್ತಕ ಮುದ್ರಿಸುವ ಎಲ್ಲರಿಗೂ ಈ ಪದದ ತೂಕ ಗೊತ್ತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ವಸೂಲಾಗುತ್ತದೆ. ಇಲಾಖೆ ಸಗಟು ಖರೀದಿಯಲ್ಲಿ ಆಯ್ಕೆಯಾದ ಶೀರ್ಷಿಕೆಯ ಸುಮಾರು 300 ಪ್ರತಿಗಳನ್ನು, ಪುಟಕ್ಕೆ ಇಷ್ಟು ಎಂಬ ದರದಲ್ಲಿ ಕೊಳ್ಳುತ್ತದೆ. ಯೋಜನೆ ಒಳ್ಳೆಯದೇ. ಹಳ್ಳಿಯ ಗ್ರಂಥಾಲಯದಲ್ಲಿ ಸಿಕ್ಕ ಪುಸ್ತಕಗಳಿಂದಲೇ ಓದಲು ಕಲಿತವಳು ನಾನು, ಅದರ ಋಣ ಮರೆಯಲಾರೆ. ಆದರೆ ಆಯ್ಕೆ ಪಟ್ಟಿ ವರ್ಷಗಟ್ಟಲೆ ತಡವಾಗುತ್ತದೆ, ಹಣ ಅದಕ್ಕಿಂತ ತಡ. ಹೀಗೆ ಒಂದೇ ಗಿರಾಕಿಯನ್ನು ನಂಬಿ ಮುದ್ರಿಸುವ ಪ್ರಕಾಶಕರು ಓದುಗರ ಕಡೆ ತಿರುಗಿ ನೋಡುವ ಅಭ್ಯಾಸವನ್ನೇ ಕಳೆದುಕೊಂಡಿದ್ದಾರೆ. ಲೇಖಕರದೂ ಅದೇ ಕಥೆ. ‘ಲೈಬ್ರರಿಗೆ ಸೆಲೆಕ್ಟ್ ಆಯ್ತು’ ಎಂಬುದನ್ನು ‘ಜನ ಓದಿದರು’ ಎಂಬ ಅರ್ಥದಲ್ಲಿ ಹೇಳಿಕೊಳ್ಳುತ್ತೇವೆ.

ಇಷ್ಟೆಲ್ಲ ಆದ ಮೇಲೆ ನಾವು ಎತ್ತುವ ರಾಗ ಒಂದೇ: ಕನ್ನಡಿಗರು ಓದುವುದಿಲ್ಲ. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ನಾನು ಅವರಲ್ಲಿ ಎಷ್ಟು ಜನರನ್ನು ಕೇಳಿದ್ದೆ? ಸಭಾಂಗಣದಲ್ಲಿದ್ದ ಎಂಬತ್ತು ಜನರನ್ನು, ಫೇಸ್‌ಬುಕ್ಕಿನಲ್ಲಿದ್ದ ಕೆಲವು ನೂರು ಜನರನ್ನು. ಕೇಳದೇ ಇದ್ದವರ ಮೇಲೆ ಓದಲಿಲ್ಲ ಎಂಬ ಆರೋಪ ಹೊರಿಸುವುದು ಯಾವ ನ್ಯಾಯ?

ಕನ್ನಡದಲ್ಲಿ ಓದುಗರು ತಾವಾಗಿ ಹುಟ್ಟಿದ ಕಾಲ ಯಾವುದೂ ಇರಲಿಲ್ಲ. ಅವರನ್ನು ಒಬ್ಬೊಬ್ಬರನ್ನಾಗಿ ಕರೆತರಲಾಯಿತು. ಹಾವೇರಿ ಸೀಮೆಯ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿ, ಶಾಲಾ ಮಾಸ್ತರರಾಗಿದ್ದವರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಸ್ವಂತದವನ್ನೂ ಬರೆದರು, ಅಗಡಿಯಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ನಡೆಸಿದರು. ಆಮೇಲೆ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಓದುವ ಅಭ್ಯಾಸವೇ ಕ್ಷೀಣವಾಗಿದ್ದ ಮುಂಬೈ ಕರ್ನಾಟಕದಲ್ಲಿ ಅವರು ಓದುಗರನ್ನು ಹುಟ್ಟಿಸಿದರು ಎಂದು ನಮ್ಮ ಸಾಹಿತ್ಯ ಚರಿತ್ರೆಗಳು ಹೇಳುತ್ತವೆ. ಅವರು ಅನುವಾದಕರೂ ಆಗಿದ್ದರು ಎಂಬುದು ನನಗೆ ಮುಖ್ಯ. ಅನುವಾದಕ್ಕೆ ಓದುಗರಿಲ್ಲ ಎಂದು ಗೊಣಗುವ ಹಕ್ಕು ನನ್ನಂಥವರಿಗೆ ಇಲ್ಲವೆಂದು ಅವರು ನೂರು ವರ್ಷ ಹಿಂದೆಯೇ ತೋರಿಸಿಕೊಟ್ಟಿದ್ದಾರೆ.

ಅವರ ಬದುಕನ್ನು ಹೊಳಪು ಹಚ್ಚಿ ತೋರಿಸುವುದು ನನ್ನ ಉದ್ದೇಶವಲ್ಲ. ಗಳಗನಾಥರು 1942ರಲ್ಲಿ ತೀರಿಕೊಂಡದ್ದು ಬಡತನದಲ್ಲಿ. ಓದುಗರನ್ನು ಗಳಿಸಿದವರು ಹಣವನ್ನೂ ಗಳಿಸುತ್ತಾರೆಂದು ಹೇಳಿದರೆ ಅದು ಸುಳ್ಳು. ಆದ್ದರಿಂದಲೇ ಎರಡನೆಯ ಉದಾಹರಣೆ ಬೇಕು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆ ಚಂದಾದಾರರ ಮೇಲೆ ನಿಂತ ಸಂಸ್ಥೆ. ಓದುಗರು ಮುಂಗಡ ಹಣ ಕೊಡುತ್ತಾರೆ, ಪುಸ್ತಕಗಳು ಮನೆಗೆ ಬರುತ್ತವೆ. ಯಾವ ಪುಸ್ತಕ ಬರುತ್ತದೋ ಗೊತ್ತಿಲ್ಲದಿದ್ದರೂ ಕಳಿಸುವವರ ಮೇಲೆ ಭರವಸೆಯಿದೆ. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ, ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂದದ್ದು ಅಲ್ಲಿಂದ. ಆಗ ಕಾರ್ನಾಡರು ಇಪ್ಪತ್ತರ ಹರೆಯದ ಹೊಸ ಲೇಖಕ. ಅವರ ಮೊದಲ ನಾಟಕ ಅಚ್ಚಾಗುವ ಮೊದಲೇ ಅದಕ್ಕೆ ವಿಳಾಸಗಳಿದ್ದವು, ಚಂದಾ ಪುಸ್ತಕದಲ್ಲಿ ಹೆಸರು ಬರೆದಿಟ್ಟ ಮನೆಗಳ ವಿಳಾಸಗಳು. ಚತುರ್ಥಿ ವಿಭಕ್ತಿ ತುಂಬಿಯೇ ಇತ್ತು.

ಈಗ ನಾನಿರುವ ಊರಿಗೆ ಬನ್ನಿ. ಗಾಂಧಿಯವರ ಆತ್ಮಕಥೆ ಮೊದಲು ಪುಸ್ತಕವಾಗಿ ಬರಲಿಲ್ಲ. 1925ರಿಂದ 1929ರವರೆಗೆ ‘ನವಜೀವನ’ ವಾರಪತ್ರಿಕೆಯಲ್ಲಿ ಪ್ರಕರಣ ಪ್ರಕರಣವಾಗಿ ಬಂತು. ಪುಸ್ತಕವಾಗುವ ಹೊತ್ತಿಗೆ ಅದನ್ನು ವಾರವಾರ ಕಾದು ಓದಿದವರು ಇದ್ದರು, ಒಪ್ಪದೆ ಪತ್ರ ಬರೆದವರೂ ಇದ್ದರು. ಮುಂದೆ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಅದನ್ನು ಕನ್ನಡಕ್ಕೆ ತಂದರು. ಆ ಕನ್ನಡ ಪುಸ್ತಕ ಹೊರಟದ್ದು ಇದೇ ಅಹಮದಾಬಾದಿನ ನವಜೀವನ ಸಂಸ್ಥೆಯಿಂದ. ಅಗ್ಗದ ಬೆಲೆ, ಸಾದಾ ಕಾಗದ, ಶಾಲಿಲ್ಲ, ಹಣ್ಣಿನ ಬುಟ್ಟಿಯಿಲ್ಲ. ಗುಜರಾತಿನದೇ ಇನ್ನೊಂದು ಮಾತು. ಭಾವನಗರದ ಮಹೇಂದ್ರ ಮೇಘಾಣಿಯವರು, ಕವಿ ಝವೇರಚಂದ ಮೇಘಾಣಿಯವರ ಮಗ, 1950ರಲ್ಲಿ ‘ಮಿಲಾಪ್’ ಮಾಸಿಕ ಶುರುಮಾಡಿದರು. ಆಮೇಲೆ ಲೋಕಮಿಲಾಪ್ ಮೂಲಕ ತಾವು ಓದಿ ಮೆಚ್ಚಿದ್ದನ್ನು ಸಂಕ್ಷೇಪಿಸಿ, ಜೇಬಿನಲ್ಲಿ ಹಿಡಿಯುವಂಥ ‘ಖಿಸ್ಸಾಪೋಥಿ’ಗಳಾಗಿ ಮಾಡಿ, ಅತಿ ಕಡಿಮೆ ಬೆಲೆಗೆ ಜನರ ಕೈಗಿಟ್ಟರು. ಅವರು 2022ರಲ್ಲಿ, ನೂರರ ಹೊಸ್ತಿಲಲ್ಲಿ ತೀರಿಕೊಂಡಾಗ ನಮ್ಮ ಓಣಿಯ ಕಿರಾಣಿ ಅಂಗಡಿಯವರು ಗಲ್ಲಾಪೆಟ್ಟಿಗೆಯ ಪಕ್ಕದಿಂದ ಒಂದು ಸವೆದ ಪೋಥಿ ತೆಗೆದು ತೋರಿಸಿದರು. ಅಂಗಡಿಯವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇರುವ ಪುಸ್ತಕಕ್ಕೆ ಇನ್ಯಾವ ಪ್ರಶಸ್ತಿ ಬೇಕು?

ಇಲ್ಲಿಂದ ಬಂದವರು ಅಲ್ಲಿ ಮಾಡಿದ್ದೂ ನಿಮಗೆ ಗೊತ್ತು. 1967ರಲ್ಲಿ ಬೆಂಗಳೂರಿನ ಗಾಂಧಿನಗರದಲ್ಲಿ ಸಣ್ಣ ಅಂಗಡಿಯಾಗಿ ಸಪ್ನ ಬುಕ್ ಹೌಸ್ ತೆರೆದ ಸುರೇಶ್ ಶಾ ಗುಜರಾತಿ ಮನೆತನದವರು. ಕನ್ನಡ ಪುಸ್ತಕಕ್ಕೆ ಗಿರಾಕಿ ಇದ್ದಾರೆಂದು ಗುಜರಾತಿ ವ್ಯಾಪಾರಿಗೆ ತಿಳಿದದ್ದು ಕನ್ನಡದ ಲೇಖಕಿಯಾದ ನನಗೆ ತಿಳಿಯಲಿಲ್ಲ.

ನನಗೆ ಅದನ್ನು ತಿಳಿಸಿದ್ದು ಎರಡು ರಟ್ಟಿನ ಪೆಟ್ಟಿಗೆಗಳು. ಪ್ರಕಾಶಕರ ಗೋದಾಮಿನಲ್ಲಿ ಕೊಳೆಯುವುದು ಬೇಡವೆಂದು ನೂರು ಪ್ರತಿ ತರಿಸಿಕೊಂಡೆ. ಊಟದ ಮೇಜಿನ ಕೆಳಗೆ ಪೆಟ್ಟಿಗೆಗಳು, ಕಾಲಿಟ್ಟರೆ ತಗಲುತ್ತಿದ್ದವು. ಒಂದು ಭಾನುವಾರ ನಮ್ಮ ಕನ್ನಡ ಬಳಗದ ಹಬ್ಬದ ಊಟಕ್ಕೆ ಹತ್ತು ಪ್ರತಿ ಒಯ್ದೆ. ವೇದಿಕೆ ಹತ್ತಲಿಲ್ಲ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರಿಗೆ ಒಂದು ಕಥೆಯನ್ನು ಬಾಯಿಮಾತಿನಲ್ಲಿ ಹೇಳಿದೆ. ಕೈ ತೊಳೆದು ಬಂದ ಅವರು, ‘ಮುಂದೇನಾತು?’ ಎಂದರು. ಪುಸ್ತಕ ತೋರಿಸಿದೆ. ‘ಎಷ್ಟು?’ ಎಂದರು. ಪುಕ್ಕಟೆ ಕೊಡಲು ಎತ್ತಿದ ಕೈಯನ್ನು ತಡೆದುಕೊಂಡು, ‘ಇನ್ನೂರು’ ಎಂದೆ. ಕೊಟ್ಟರು. ನನ್ನ ಪುಸ್ತಕವನ್ನು ನನ್ನ ಮುಖ ನೋಡದೆ, ಕಥೆ ಕೇಳಿ ಕೊಂಡ ಮೊದಲ ಮನುಷ್ಯ ಅವರು.

ಅವರು ಗದಗದ ಕಡೆಯವರು, ಇಲ್ಲಿನ ಬಣ್ಣ ಹಾಕುವ ಘಟಕದಲ್ಲಿ ಹದಿನೆಂಟು ವರ್ಷದಿಂದ ಕೆಲಸ. ಮೂರು ವಾರದ ನಂತರ ರಾತ್ರಿ ಫೋನ್ ಮಾಡಿದರು. ‘ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ, ನಾಕನೇ ಕಥಿಯೊಳಗ ಜಿಗರ್ ಅನ್ನೂದನ್ನ ಬಣ್ಣದ ತೊಟ್ಟಿ ಅಂತ ಬರದೀರಿ. ಜಿಗರ್ ತೊಟ್ಟಿ ಅಲ್ರೀ, ಮಷಿನ್ ಅದು. ಬಟ್ಟಿ ಈ ರೋಲಿನಿಂದ ಆ ರೋಲಿಗೆ ಸುತಗೋತ ಬಣ್ಣದಾಗ ಹಾದು ಹೋಗತದ, ತಿರುಗಿ ಬರತದ. ಆ ಕಥಿಯೊಳಗ ಮನಿಶ್ಯಾ ಅದರ ಮುಂದ ನಿಂತು ಹೋಗೂದು ಬರೂದು ನೋಡತಾನಲಾ, ಅದು ತೊಟ್ಟಿ ಆದ್ರ ಕಥೀನೇ ತಿಳಿಯಂಗಿಲ್ಲ.’

ಅವರು ಹೇಳಿದ್ದು ಅಕ್ಷರಶಃ ನಿಜ. ಬಟ್ಟೆ ಹೋಗಿ ಬರುವ ಆ ಲಯದ ಮೇಲೆಯೇ ಕಥೆ ನಿಂತಿತ್ತು, ನಾನು ಅದನ್ನು ನಿಂತ ನೀರು ಮಾಡಿಬಿಟ್ಟಿದ್ದೆ. ಮುನ್ನುಡಿ ಬರೆದ ಹಿರಿಯರಿಗೆ ಇದು ಕಾಣಲಿಲ್ಲ, ಬಿಡುಗಡೆಯಲ್ಲಿ ಮಾತಾಡಿದ ಮೂವರಿಗೆ ಕಾಣಲಿಲ್ಲ, ಎಂ.ಎ. ಮಾಡಿದ ನನಗೂ ಕಾಣಲಿಲ್ಲ. 126 ಗೌರವ ಪ್ರತಿಗಳಿಂದ ನನಗೆ ಸಿಕ್ಕಿದ್ದು ಹೊಗಳಿಕೆ. 200 ರೂಪಾಯಿ ಕೊಟ್ಟ ಒಬ್ಬ ಓದುಗರಿಂದ ಸಿಕ್ಕಿದ್ದು ತಿದ್ದುಪಡಿ. ಓದುಗರು ಬೇಕಾಗಿರುವುದು ಪುಸ್ತಕ ಖರ್ಚಾಗಲಿ ಎಂದಷ್ಟೇ ಅಲ್ಲ. ಓದುಗರಿಲ್ಲದ ಭಾಷೆಯಲ್ಲಿ ಬರಹದ ತಪ್ಪು ತಪ್ಪಾಗಿಯೇ ಉಳಿಯುತ್ತದೆ, ಅದರ ಮೇಲೆ ಶಾಲು ಹೊದಿಸಲಾಗುತ್ತದೆ.

ಅವರೇ ಇನ್ನೂ ನಾಲ್ಕು ಹೆಸರು ಕೊಟ್ಟರು. ಲೋಕೋ ಶೆಡ್ಡಿನಲ್ಲಿರುವ ಹುಬ್ಬಳ್ಳಿಯವರೊಬ್ಬರು, ಮಣಿನಗರದಲ್ಲಿ ಮಗನ ಮನೆಯಲ್ಲಿರುವ ನಿವೃತ್ತ ಶಿಕ್ಷಕಿ, ವಡೋದರಾದಲ್ಲಿ ಒಬ್ಬರು, ಸೂರತ್ತಿನಲ್ಲಿ ಒಬ್ಬರು. ಹೆಸರಿನಿಂದ ಹೆಸರು. ಹದಿನಾಲ್ಕು ತಿಂಗಳಲ್ಲಿ ನೂರರಲ್ಲಿ 83 ಪ್ರತಿ ಹೋದವು, ಎಲ್ಲವೂ ಪೂರ್ತಿ ಬೆಲೆಗೆ. ದೊಡ್ಡ ಸಂಖ್ಯೆಯಲ್ಲ, ಗೊತ್ತು. ಆದರೆ ಈ 83 ಜನರ ಹೆಸರು, ಊರು, ಯಾರಿಗೆ ಯಾವ ಕಥೆ ಹಿಡಿಸಲಿಲ್ಲ ಎಂಬುದು ನನ್ನ ನೋಟ್‌ಬುಕ್ಕಿನಲ್ಲಿದೆ. ಮುಂದಿನ ಪುಸ್ತಕವನ್ನು ನಾನು ಲೋಕಕ್ಕೆ ಅರ್ಪಿಸಬೇಕಾಗಿಲ್ಲ.

ನನ್ನ ಮಾತಿಗೆ ಬರಬಹುದಾದ ಆಕ್ಷೇಪಣೆಗಳು ಕೆಲವು ಇವೆ.

ಬರೆಯುವುದು ಲೇಖಕರ ಕೆಲಸ, ಮಾರುವುದು ಪ್ರಕಾಶಕರ ಕೆಲಸ ಎನ್ನುವವರಿದ್ದಾರೆ. ಆಗಬಹುದು, ಆದರೆ ಆಗ ಲೇಖಕರಿಂದ ಹಣ ಪಡೆಯುವ ಪದ್ಧತಿ ನಿಲ್ಲಬೇಕು. ನನ್ನ ಹಣ ಹಾಕಿಸಿಕೊಂಡ ಮೇಲೆ ಪ್ರತಿಯೊಂದು ಪ್ರತಿ ಎಲ್ಲಿಗೆ ಹೋಯಿತೆಂಬ ಲೆಕ್ಕ ಕೇಳುವುದು ನನ್ನ ಹಕ್ಕು. ಹೊಸ ಲೇಖಕರು ಗೌರವಧನ ಎಷ್ಟು ಎಂದು ಕೇಳುವ ಮೊದಲು ಈ ಲೆಕ್ಕ ಕೇಳಬೇಕು. ಕುವೆಂಪು ಅವರಿಗೆ ಉದಯರವಿ ಪ್ರಕಾಶನ, ತೇಜಸ್ವಿಯವರಿಗೆ ಪುಸ್ತಕ ಪ್ರಕಾಶನ ಇತ್ತು, ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟವನ್ನೇ ಇಟ್ಟಿದ್ದರು. ಬರೆಯುವವರಿಗೆ ವ್ಯಾಪಾರ ಮೈಲಿಗೆ ಎಂಬುದು ಇತ್ತೀಚಿನ ಮಡಿ.

ಇನ್ನೊಂದು ಆಕ್ಷೇಪಣೆ ನನಗೆ ಹತ್ತಿರದ್ದು. ಗಂಟು ಹೊತ್ತು ತಿರುಗಲು ಎಲ್ಲರಿಂದ ಆಗುವುದಿಲ್ಲ. ಚಿಕ್ಕ ಮಕ್ಕಳ ತಾಯಂದಿರು, ಎರಡು ಪಾಳಿ ದುಡಿಯುವವರು, ನಾಲ್ಕು ಜನರೆದುರು ಬಾಯಿ ಬರದವರು ಏನು ಮಾಡಬೇಕು? ನಿಜ. ಸಂಜೆ ಏಳರ ಮೇಲೆ ಜಿಐಡಿಸಿ ರಸ್ತೆಯಲ್ಲಿ ಪುಸ್ತಕದ ಚೀಲ ಹಿಡಿದು ನಾನೂ ಓಡಾಡಲಾರೆ. ಆದರೆ ನನ್ನ 83ರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಿಕ್ಕಿದ್ದು ಫೋನಿನಲ್ಲಿ, ವಾಟ್ಸ್ಯಾಪಿನಲ್ಲಿ ಒಬ್ಬೊಬ್ಬರಿಗೇ ಬರೆದ ನಾಲ್ಕು ಸಾಲಿನಿಂದ. ಫೋನು ದೋಷಿಯಲ್ಲ. ಇನ್ನೂರು ಜನರ ಗ್ರೂಪಿಗೆ ಮುಖಪುಟ ಎಸೆದು ‘ಆಸಕ್ತರು ಕೊಳ್ಳಿ’ ಎನ್ನುವ ನಮ್ಮ ಸೋಮಾರಿತನ ದೋಷಿ. ‘ಆಸಕ್ತರು’ ಎಂಬ ಹೆಸರಿನವರು ಯಾರೂ ಇಲ್ಲ.

ಬೂಕರ್ ಬಂದರೆ ಓದುಗರು ಬರುತ್ತಾರಲ್ಲ ಎಂಬ ಆಸೆಯೂ ಈಗ ಹರಡಿದೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದ ‘ಹಾರ್ಟ್ ಲ್ಯಾಂಪ್’ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾನೂ ಕುಣಿದಾಡಿದೆ. ಆದರೆ ಆ ಸಂಕಲನದ 12 ಕಥೆಗಳು 1990ರಿಂದ 2023ರ ನಡುವೆ ಬರೆದವು. ಮೂರು ದಶಕ ಅವನ್ನು ಕನ್ನಡದಲ್ಲೇ ಓದಿದವರು, ಜಗಳವಾಡಿದವರು, ಕಾಯ್ದುಕೊಂಡವರು ಇದ್ದರು. ಪ್ರಶಸ್ತಿ ಓದುಗರನ್ನು ಹೆಚ್ಚಿಸಬಹುದು, ಮೊದಲ ಓದುಗರನ್ನು ಕೊಡಲಾರದು.

ಕೊನೆಯದು ಅಂಚೆ. 5 ಕೆ.ಜಿ. ಪುಸ್ತಕವನ್ನು 80 ರೂಪಾಯಿಗೆ ಒಯ್ಯುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. 2025ರ ಮೇ ತಿಂಗಳಿಂದ ‘ಜ್ಞಾನ್ ಪೋಸ್ಟ್’ ಬಂದಿದೆ: 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ಗೆ 100 ರೂಪಾಯಿ. ಅದು ಪಠ್ಯಪುಸ್ತಕ ಮತ್ತು ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆಂದು ಮಾಡಿದ್ದು. ಕಥೆ-ಕಾದಂಬರಿಗಳ ಹೆಸರನ್ನೂ ಅದರಲ್ಲಿ ಸ್ಪಷ್ಟವಾಗಿ ಬರೆಯಬೇಕೆಂದು ನಮ್ಮ ಪರಿಷತ್ತುಗಳು, ಪ್ರಾಧಿಕಾರಗಳು ದನಿಯೆತ್ತಬೇಕು. ಸಮ್ಮೇಳನದಲ್ಲಿ ಮಂಡಿಸುವ ನಿರ್ಣಯಗಳಲ್ಲಿ ಇದೂ ಒಂದು ಸಾಲಾದರೆ ಗಡಿಯಾಚೆಯ ನಮಗೆ ಅದರಿಂದ ನಿಜವಾದ ಉಪಕಾರ. ವಟ್ವಾದಲ್ಲಿ ಕನ್ನಡ ಪುಸ್ತಕದಂಗಡಿ ಇಲ್ಲ. ಇರುವುದು ಪೋಸ್ಟ್‌ಮ್ಯಾನ್ ಮಾತ್ರ.

ಹಾಗಾದರೆ ಹೊಸದಾಗಿ ಬರೆಯುವವರು ಏನು ಮಾಡಬೇಕು? ಮುದ್ರಣಕ್ಕೆ ಕೊಡುವ ಮೊದಲು ನೂರು ಹೆಸರು ಬರೆಯಿರಿ. ನೆಂಟರು ಬೇಡ, ಬೇರೆ ಲೇಖಕರು ಬೇಡ. ನಿಮ್ಮ ಒಂದು ಕಥೆಯನ್ನಾದರೂ ಓದಿ, ಒಂದು ಮಾತನ್ನಾದರೂ ಆಡಿದವರ ಹೆಸರು. ನೂರು ಆಗದಿದ್ದರೆ ಮುದ್ರಿಸಬೇಡಿ. ಓದಿ ಹೇಳಿ, ಮಿಂಚಂಚೆಯಲ್ಲಿ ಕಳಿಸಿ, ಪತ್ರಿಕೆಗೆ ಕೊಡಿ, ಕಾಯಿರಿ. ಪುಕ್ಕಟೆ ಪ್ರತಿ ಕೊಡಬೇಡಿ, ನಿಮಗೆ ಕೆಲಸದಲ್ಲಿ ನೆರವಾದವರಿಗೆ ಮತ್ತು ಕೊಳ್ಳಲು ನಿಜಕ್ಕೂ ಆಗದವರಿಗೆ ಬಿಟ್ಟು. ಇನ್ನೊಬ್ಬ ಹೊಸಬರ ಪುಸ್ತಕವನ್ನು ಹಣ ಕೊಟ್ಟು ಕೊಂಡು, ಓದಿ, ಹಿಡಿಸದಿದ್ದರೆ ಹಿಡಿಸಲಿಲ್ಲವೆಂದು ಕಾರಣ ಸಹಿತ ಬರೆಯಿರಿ. ಓದುಗರನ್ನು ಬೇಡುವವರು ಮೊದಲು ಓದುಗರಾಗಿರಬೇಕು. ಸಮಾರಂಭ ಮಾಡಲೇಬೇಕೆಂದರೆ ಮಾಡಿ, ಆದರೆ ಪುಸ್ತಕ ಹೊರಬಂದು ಆರು ತಿಂಗಳಾದ ಮೇಲೆ, ಓದಿದವರನ್ನೇ ಕರೆದು, ಅವರು ಮಾತಾಡಲಿ, ನೀವು ಕೆಳಗೆ ಕೂತು ಬರೆದುಕೊಳ್ಳಿ.

ಎರಡನೆಯ ಮುದ್ರಣದ ಬಗ್ಗೆ ಪ್ರಕಾಶಕರು ಇನ್ನೂ ಏನೂ ಹೇಳಿಲ್ಲ. ಅವರ ಗೋದಾಮಿನಲ್ಲಿ 175 ಪ್ರತಿ ಗ್ರಂಥಾಲಯದ ದಾರಿ ಕಾಯುತ್ತಿವೆ. ನನ್ನ ಬಳಿ ಉಳಿದಿರುವ 17 ಪ್ರತಿಗಳಲ್ಲಿ ನಾಲ್ಕನೆಯ ಕಥೆಯ ಪುಟ ತೆಗೆದು, ‘ಬಣ್ಣದ ತೊಟ್ಟಿ’ಯನ್ನು ಪೆನ್ನಿನಲ್ಲಿ ಹೊಡೆದು, ಮೇಲೆ ‘ಜಿಗರ್’ ಎಂದು ಬರೆದಿದ್ದೇನೆ. ಹದಿನೇಳರಲ್ಲೂ. ಮೊದಲು ಕೊಂಡ 83 ಜನರಿಗೆ ಒಂದೊಂದು ಕಾರ್ಡು ಬರೆದು ತಿದ್ದುಪಡಿ ತಿಳಿಸಿದೆ, ಏಕೆಂದರೆ ಅವರ ವಿಳಾಸ ನನ್ನ ಬಳಿ ಇತ್ತು. ಗೌರವ ಪ್ರತಿ ಪಡೆದ 126 ಮಂದಿಗೆ ಬರೆಯಲಿಲ್ಲ. ಅವರಲ್ಲಿ ಯಾರಾದರೂ ಈ ಪತ್ರ ಓದುತ್ತಿದ್ದರೆ ದಯಮಾಡಿ ಪುಸ್ತಕ ತೆಗೆದು ತಿದ್ದಿಕೊಳ್ಳಿ. ಹಾಗೆಯೇ ಆ ಕಥೆಯನ್ನೂ ಓದಿಬಿಡಿ.